ಯಾವ ದೋಷಕ್ಕೆ ಯಾವ ಬ್ರೌಸರಿನ ಡೆವ್‌ಟೂಲ್ಸ್?

ಪ್ರಶ್ನೆ: ಶಿರಸಿಯಲ್ಲಿದ್ದುಕೊಂಡು ಸುತ್ತಲಿನ ಹೋಮ್‌ಸ್ಟೇ, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನನ್ನ ಹತ್ತಿರ ಇರುವುದು ಒಂದು ವಿಂಡೋಸ್ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್. ಗೋಕರ್ಣದ ಹೋಮ್‌ಸ್ಟೇ ಒಂದಕ್ಕೆ ಮಾಡಿದ ಪುಟವನ್ನು ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ (ಪುಟದ ದೋಷ ಹುಡುಕಲು ಬ್ರೌಸರಿನೊಳಗೇ ಬರುವ ಸಲಕರಣೆ) ಐಫೋನ್ ಆರಿಸಿ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಆದರೆ ಐಫೋನ್ ಇರುವ ಅತಿಥಿಗಳಿಗೆ ಕೆಳಗಿನ ‘ಕೊಠಡಿ ಕಾಯ್ದಿರಿಸಿ’ ಬಟನ್ ಕಾಣುತ್ತಿಲ್ಲವಂತೆ. ಸಿದ್ದಾಪುರ ಕಡೆಯ ಹಳ್ಳಿಯಿಂದ ತೆರೆದರೆ ಪುಟ ಬರುವುದೇ ಇಲ್ಲ ಎನ್ನುತ್ತಾರೆ. ಕನ್ನಡ ಅಕ್ಷರವೂ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಇವುಗಳಲ್ಲಿ ಯಾವುದರ ಡೆವ್‌ಟೂಲ್ಸ್ ಒಳ್ಳೆಯದು? ಯಾವುದನ್ನು ಕಲಿಯಲಿ?

ಉತ್ತರ: ಒಂದನ್ನೇ ಆರಿಸಿಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸಲಕರಣೆ ಬೇಕು. ನಿಮ್ಮ ದಿನನಿತ್ಯದ ಕೆಲಸಕ್ಕೆ, ಅದರಲ್ಲೂ ನೆಟ್‌ವರ್ಕ್ ಮತ್ತು ವೇಗದ ವಿಷಯಕ್ಕೆ ಕ್ರೋಮ್ ಇರಲಿ. ಲೇಔಟ್ ಮತ್ತು ಸಿಎಸ್‌ಎಸ್ (ಪುಟದ ರೂಪ ಹೇಳುವ ಕೋಡ್) ಸಿಕ್ಕು ಬಿಡಿಸಲು ಫೈರ್‌ಫಾಕ್ಸ್ ತೆರೆಯಿರಿ. ಐಫೋನ್ ದೂರುಗಳ ಕೊನೆಯ ತೀರ್ಮಾನ ಸಫಾರಿಯದ್ದು. ಎಡ್ಜ್ 2020ರ ಜನವರಿಯಿಂದ ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆಯೇ ನಿಂತಿದೆ, ಕ್ರೋಮ್ ಬಂದವರಿಗೆ ಅದನ್ನು ಬೇರೆಯಾಗಿ ಕಲಿಯುವ ಅಗತ್ಯವಿಲ್ಲ.

ಇದಕ್ಕೆ ಕಾರಣ ಇಷ್ಟೇ: ಡೆವ್‌ಟೂಲ್ಸ್ ಎಂಬುದು ತಾನಿರುವ ಬ್ರೌಸರಿನ ಎಂಜಿನ್, ಅಂದರೆ ಕೋಡ್ ಓದಿ ಪುಟ ಕಟ್ಟುವ ಭಾಗ, ಏನು ಮಾಡುತ್ತಿದೆ ಎಂಬುದನ್ನು ಮಾತ್ರ ಹೇಳಬಲ್ಲದು. ಕ್ರೋಮ್, ಎಡ್ಜ್, ಬ್ರೇವ್, ಒಪೇರಾಗಳಲ್ಲಿ ಬ್ಲಿಂಕ್ ಎಂಜಿನ್, ಫೈರ್‌ಫಾಕ್ಸ್‌ನಲ್ಲಿ ಗೆಕೊ, ಸಫಾರಿಯಲ್ಲಿ ವೆಬ್‌ಕಿಟ್. ಬ್ಲಿಂಕ್ ಕವಲೊಡೆದದ್ದು 2013ರಲ್ಲಿ ವೆಬ್‌ಕಿಟ್‌ನಿಂದಲೇ. ಹಾಗಾಗಿ ಕ್ರೋಮ್ ಮತ್ತು ಸಫಾರಿಯ ಸಲಕರಣೆಗಳಲ್ಲಿ ಹೋಲಿಕೆ ಕಾಣುತ್ತದೆ, ಆದರೆ ಪುಟ ಕಟ್ಟುವ ರೀತಿ ಈಗ ಬಹಳ ಬೇರೆಯಾಗಿದೆ.

ಕ್ರೋಮ್‌ನ ಡಿವೈಸ್ ಟೂಲ್‌ಬಾರ್‌ನಲ್ಲಿ ನೀವು ಐಫೋನ್ ಆರಿಸಿದಾಗ ಬದಲಾಗುವುದು ಪರದೆಯ ಅಗಲ-ಎತ್ತರ, ಪಿಕ್ಸೆಲ್ ಸಾಂದ್ರತೆ, ಟಚ್, ಮತ್ತು ಸರ್ವರಿಗೆ ಹೋಗುವ ಬ್ರೌಸರ್ ಹೆಸರು. ಪುಟವನ್ನು ಕಟ್ಟುತ್ತಿರುವುದು ಬ್ಲಿಂಕ್ ಎಂಜಿನ್ನೇ, ಅಕ್ಷರ ಬರುತ್ತಿರುವುದು ನಿಮ್ಮ ವಿಂಡೋಸ್‌ನಿಂದಲೇ. ಸಫಾರಿಯ ವಿಳಾಸಪಟ್ಟಿ (ಅಡ್ರೆಸ್ ಬಾರ್) ಅಲ್ಲಿ ಇಲ್ಲ. ಫೈರ್‌ಫಾಕ್ಸ್‌ನ ರೆಸ್ಪಾನ್ಸಿವ್ ಡಿಸೈನ್ ಮೋಡ್ ಕೂಡ ಇಷ್ಟನ್ನೇ ಮಾಡುತ್ತದೆ. ಎರಡರಲ್ಲೂ ಅದನ್ನು ತೆರೆಯುವ ಕೀಲಿ ಒಂದೇ, ಕಂಟ್ರೋಲ್-ಶಿಫ್ಟ್-ಎಂ. ಕ್ರೋಮ್‌ನಲ್ಲಿ ಮಾತ್ರ ಮೊದಲು ಎಫ್12 ಒತ್ತಿ ಡೆವ್‌ಟೂಲ್ಸ್ ತೆರೆದಿರಬೇಕು. ಅಗಲಕ್ಕೆ ತಕ್ಕ ಲೇಔಟ್ ಸರಿಯಿದೆಯೇ ಎಂದು ನೋಡಲು ಇವು ಸಾಕು. ಅದರಾಚೆಗೆ ನಂಬಬೇಡಿ.

ನಿಮ್ಮ ಬಟನ್ ಮಾಯವಾಗಲು ಬಹುಮಟ್ಟಿಗೆ ಆ ವಿಳಾಸಪಟ್ಟಿಯೇ ಕಾರಣ. ಪುಟದ ಹೊರಕವಚಕ್ಕೆ ಎತ್ತರ 100 ವಿಎಚ್ (ಪರದೆಯ ಎತ್ತರದ ನೂರಕ್ಕೆ ನೂರು) ಎಂದು ಕೊಟ್ಟು, ಬಟನ್ನನ್ನು ಅದರ ತಳಕ್ಕೆ ಕೂರಿಸಿರುತ್ತೀರಿ. ಐಫೋನ್ ಸಫಾರಿಯಲ್ಲಿ 100 ವಿಎಚ್ ಎಂದರೆ ಪಟ್ಟಿಗಳು ಮಡಿಚಿಕೊಂಡಾಗ ಸಿಗುವ ಪೂರ್ತಿ ಎತ್ತರ. ಪುಟ ತೆರೆದ ಗಳಿಗೆಯಲ್ಲಿ ಪಟ್ಟಿ ಬಿಚ್ಚಿಕೊಂಡಿರುತ್ತದೆ, ತಳದ ಭಾಗ ಅದರ ಹಿಂದೆ ಸರಿಯುತ್ತದೆ. ಸಮಾಧಾನದ ಸಂಗತಿಯೆಂದರೆ ಆಂಡ್ರಾಯ್ಡ್ ಕ್ರೋಮ್ ಕೂಡ 100 ವಿಎಚ್ ಅನ್ನು ಇದೇ ರೀತಿ ಲೆಕ್ಕ ಹಾಕುತ್ತದೆ. ಅಂದರೆ ಈ ದೋಷವನ್ನು ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಹಿಡಿಯಬಹುದು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಕೇಬಲ್ ಹಾಕಿ, ಲ್ಯಾಪ್‌ಟಾಪಿನ ಕ್ರೋಮ್ ವಿಳಾಸಪಟ್ಟಿಯಲ್ಲಿ ‘ಕ್ರೋಮ್’, ಕೋಲನ್, ಎರಡು ಸ್ಲ್ಯಾಷ್, ‘ಇನ್‌ಸ್ಪೆಕ್ಟ್’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಫೋನಿನಲ್ಲಿ ಅನುಮತಿ ಕೇಳಿದಾಗ ಒಪ್ಪಿಕೊಳ್ಳಿ. ಫೋನಿನಲ್ಲಿ ತೆರೆದಿರುವ ಟ್ಯಾಬ್‌ಗಳ ಪಟ್ಟಿ ಬರುತ್ತದೆ, ಪಕ್ಕದ ಇನ್‌ಸ್ಪೆಕ್ಟ್ ಒತ್ತಿದರೆ ಫೋನಿನ ಪುಟಕ್ಕೇ ಪೂರ್ತಿ ಡೆವ್‌ಟೂಲ್ಸ್ ಸಿಗುತ್ತದೆ. ಪಟ್ಟಿ ಖಾಲಿ ಇದ್ದರೆ ಕೇಬಲ್ ಬದಲಿಸಿ ನೋಡಿ, ಚಾರ್ಜ್‌ಗೆಂದು ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ಹಾಯುವುದಿಲ್ಲ. ವಿಂಡೋಸ್‌ನಲ್ಲಿ ಕೆಲವು ಫೋನುಗಳಿಗೆ ತಯಾರಕರ ಯುಎಸ್‌ಬಿ ಡ್ರೈವರ್ ಕೂಡ ಹಾಕಬೇಕಾಗುತ್ತದೆ.

ಈಗ ಬಟನ್ನನ್ನು ಎಲಿಮೆಂಟ್ಸ್‌ನಲ್ಲಿ (ಪುಟದ ಭಾಗಗಳನ್ನು ತೋರಿಸುವ ಪ್ಯಾನೆಲ್) ಆರಿಸಿ, ಕನ್ಸೋಲ್‌ಗೆ (ಆಜ್ಞೆ ಬರೆಯುವ ಜಾಗ) ಹೋಗಿ. ಅಲ್ಲಿ $0 ಎಂದರೆ ನೀವು ಈಗಷ್ಟೇ ಆರಿಸಿದ ಎಲಿಮೆಂಟ್. ಮೂರೂ ಬ್ರೌಸರುಗಳಲ್ಲಿ ಇದು ಕೆಲಸ ಮಾಡುತ್ತದೆ. ಅದರ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕರೆದು ‘ಬಾಟಮ್’ ಬೆಲೆ ನೋಡಿ, ಪಕ್ಕದಲ್ಲಿ ವಿಂಡೋದ ಇನ್ನರ್‌ಹೈಟ್ ನೋಡಿ. ಬಾಟಮ್ ಬೆಲೆ ಇನ್ನರ್‌ಹೈಟ್‌ಗಿಂತ ಹೆಚ್ಚಿದ್ದರೆ ಬಟನ್ ಪರದೆಯ ಕೆಳಗೆ ಇಳಿದಿದೆ ಎಂದೇ ಅರ್ಥ, ಎಷ್ಟು ಪಿಕ್ಸೆಲ್ ಇಳಿದಿದೆ ಎಂದೂ ಗೊತ್ತಾಗುತ್ತದೆ.

ಪರಿಹಾರಕ್ಕೆ 100 ವಿಎಚ್ ಸಾಲನ್ನು ಹಾಗೇ ಬಿಟ್ಟು ಅದರ ಕೆಳಗೆ 100 ಎಸ್‌ವಿಎಚ್ (ಪಟ್ಟಿ ಬಿಚ್ಚಿಕೊಂಡಿರುವಾಗ ಉಳಿಯುವ ಎತ್ತರ) ಎಂಬ ಇನ್ನೊಂದು ಸಾಲು ಸೇರಿಸಿ. ಹೊಸ ಅಳತೆ ಗೊತ್ತಿಲ್ಲದ ಹಳೆಯ ಬ್ರೌಸರ್ ಎರಡನೆಯ ಸಾಲನ್ನು ಬಿಟ್ಟುಬಿಡುತ್ತದೆ. ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108, ಇವು 2022ರ ಆವೃತ್ತಿಗಳು, ಅಲ್ಲಿಂದ ಈಚಿನವೆಲ್ಲ ಈ ಅಳತೆಯನ್ನು ಒಪ್ಪುತ್ತವೆ. ಡಿವಿಎಚ್ ಕೂಡ ಇದೆ, ಆದರೆ ಪಟ್ಟಿ ಮಡಿಚಿದಂತೆಲ್ಲ ಅದರ ಎತ್ತರ ಬದಲಾಗಿ ಪುಟ ಅಲುಗುತ್ತದೆ. ತಳದಲ್ಲಿ ಬಟನ್ ಇರುವ ಪುಟಕ್ಕೆ ಎಸ್‌ವಿಎಚ್ ವಾಸಿ. ಬಟನ್ ಫಿಕ್ಸೆಡ್ ಆಗಿ ತಳಕ್ಕೆ ಅಂಟಿಕೊಂಡಿದ್ದರೆ ಕಥೆ ಬೇರೆ. ವ್ಯೂಪೋರ್ಟ್ ಮೆಟಾದಲ್ಲಿ ‘ವ್ಯೂಪೋರ್ಟ್-ಫಿಟ್ ಕವರ್’ ಇದ್ದಾಗ ಐಫೋನಿನ ತಳದ ಅಡ್ಡಗೆರೆ ಬಟನ್ನಿನ ಮೇಲೆ ಬರುತ್ತದೆ. ಆಗ ಕೆಳಗಿನ ಪ್ಯಾಡಿಂಗ್‌ಗೆ ‘ಸೇಫ್-ಏರಿಯಾ-ಇನ್‌ಸೆಟ್-ಬಾಟಮ್’ ಸೇರಿಸಬೇಕು.

ಎರಡನೆಯದು, ಸಿದ್ದಾಪುರದ ಹಳ್ಳಿ. ಘಟ್ಟದ ಮೇಲಿನ ತೋಟದ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸಿಗ್ನಲ್ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಪೇಟೆಯ ಫೈಬರ್ ಕನೆಕ್ಷನ್‌ನಲ್ಲಿ ಕೂತು ಆ ಅನುಭವ ತರಿಸಲು ನೆಟ್‌ವರ್ಕ್ ಪ್ಯಾನೆಲಿನ ಥ್ರಾಟ್ಲಿಂಗ್ (ವೇಗವನ್ನು ಬೇಕೆಂದೇ ತಗ್ಗಿಸುವ ಆಯ್ಕೆ) ಬಳಸುತ್ತೇವೆ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎರಡೂ ಬ್ರೌಸರುಗಳಲ್ಲಿ 3ಜಿ ಎಂಬ ಆಯ್ಕೆ ಇದೆ, ಆದರೆ ಒಳಗಿನ ಅಂಕಿಗಳು ಒಂದೇ ಅಲ್ಲ. ಕ್ರೋಮ್‌ನ 3ಜಿ ಸೆಕೆಂಡಿಗೆ ಸುಮಾರು 400 ಕಿಲೋಬಿಟ್, ಪ್ರತಿ ಕೋರಿಕೆಗೆ 2000 ಮಿಲಿಸೆಕೆಂಡ್ ತಡ. ಫೈರ್‌ಫಾಕ್ಸ್‌ನ ರೆಗ್ಯುಲರ್ 3ಜಿ 750 ಕಿಲೋಬಿಟ್, ತಡ ಕೇವಲ 100 ಮಿಲಿಸೆಕೆಂಡ್. 3 ಎಂಬಿ ತೂಕದ ಪುಟ ಇಳಿಯಲು ಮೊದಲನೆಯದರಲ್ಲಿ 60 ಸೆಕೆಂಡ್ ಬೇಕು, ಎರಡನೆಯದರಲ್ಲಿ 32. ಇದರ ಮೇಲೆ ತಡದ ಲೆಕ್ಕ ಬೇರೆ. ‘ಫೈರ್‌ಫಾಕ್ಸ್‌ನಲ್ಲಿ ಪುಟ ಬೇಗ ಬಂತು’ ಎಂದು ಇದರಿಂದ ತೀರ್ಮಾನಿಸಿದರೆ ಅಳೆದದ್ದು ಬ್ರೌಸರನ್ನಲ್ಲ, ಆಯ್ಕೆಯ ಹೆಸರನ್ನು. ಕ್ರೋಮ್‌ನ ಸ್ಲೋ 4ಜಿ ಸುಮಾರು 1.4 ಮೆಗಾಬಿಟ್, 560 ಮಿಲಿಸೆಕೆಂಡ್ ಆಸುಪಾಸಿನದು. ನಮ್ಮ ಹಳ್ಳಿಗಳಿಗೆ ಮೊದಲು ಅದರಲ್ಲಿ, ಆಮೇಲೆ 3ಜಿಯಲ್ಲಿ ನೋಡಿ.

ಥ್ರಾಟ್ಲಿಂಗ್ ಮತ್ತು ‘ಡಿಸೇಬಲ್ ಕ್ಯಾಶ್’ (ಮೊದಲೇ ಇಳಿಸಿಟ್ಟ ಪ್ರತಿಯನ್ನು ಬಳಸದಂತೆ ಮಾಡುವ ಆಯ್ಕೆ) ಎರಡೂ ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ನಡೆಯುತ್ತವೆ. ಡಿಸೇಬಲ್ ಕ್ಯಾಶ್ ಹಾಕದೆ ಅಳೆದರೆ ಎರಡನೇ ಸಲ ಬರುವವರ ವೇಗ ಸಿಗುತ್ತದೆ, ಹೊಸ ಅತಿಥಿಯದ್ದಲ್ಲ. ಪುಟ ಪೂರ್ತಿ ಬಂದ ಮೇಲೆ ತಳದ ಸಾಲಿನಲ್ಲಿ ಎಷ್ಟು ಕೋರಿಕೆ, ಎಷ್ಟು ಡೇಟಾ ಇಳಿಯಿತು ಎಂದು ಇರುತ್ತದೆ. ‘ಸೈಜ್’ ಕಾಲಮ್ ಮೇಲೆ ಒತ್ತಿ ದೊಡ್ಡದು ಮೇಲೆ ಬರುವಂತೆ ಮಾಡಿ.

ಹೋಮ್‌ಸ್ಟೇ ಪುಟಗಳಲ್ಲಿ ಮೇಲೆ ಬರುವುದು ಸಾಮಾನ್ಯವಾಗಿ ಫೋಟೋಗಳೇ. ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ ಚಿತ್ರವನ್ನು 360 ಪಿಕ್ಸೆಲ್ ಜಾಗಕ್ಕೆ ಹಾಗೇ ತೂಗುಹಾಕಿರುತ್ತಾರೆ. ಎಲಿಮೆಂಟ್ಸ್‌ನಲ್ಲಿ ಚಿತ್ರದ ವಿಳಾಸದ ಮೇಲೆ ಮೌಸ್ ಇಟ್ಟರೆ ಕ್ರೋಮ್ ಪರದೆಯ ಮೇಲಿನ ಅಳತೆ, ಮೂಲ ಅಳತೆ ಎರಡನ್ನೂ ತೋರಿಸುತ್ತದೆ. ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ 800 ಪಿಕ್ಸೆಲ್ ಅಗಲ, ಗುಣಮಟ್ಟ 75ರ ಸುಮಾರು ಇಟ್ಟರೆ ಫೋನಿಗೆ ಸಾಕು. ಕೆಳಗಿನ ಚಿತ್ರಗಳಿಗೆ ‘ಲೇಜಿ’ ಲೋಡಿಂಗ್ (ಕಾಣುವ ಹೊತ್ತಿಗಷ್ಟೇ ಇಳಿಯುವಂತೆ ಮಾಡುವುದು) ಕೊಡಿ. ಮೊಟ್ಟಮೊದಲ ದೊಡ್ಡ ಚಿತ್ರಕ್ಕೆ ಕೊಡಬೇಡಿ, ಅದು ಇನ್ನಷ್ಟು ತಡವಾಗುತ್ತದೆ. ಪುಟದೊಳಗೆ ಕೂರಿಸಿದ ಮ್ಯಾಪ್ ಕೂಡ ಭಾರವೇ. ಅದರ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಆ ಡೊಮೈನನ್ನು ಬ್ಲಾಕ್ ಮಾಡಿ, ಮತ್ತೆ ಲೋಡ್ ಮಾಡಿ ನೋಡಿ. ಎಷ್ಟು ಉಳಿಯಿತೆಂದು ಕಣ್ಣಿಗೇ ಕಾಣುತ್ತದೆ. ಮ್ಯಾಪ್ ಬದಲು ಒಂದು ಸಣ್ಣ ಚಿತ್ರ ಹಾಕಿ, ಒತ್ತಿದರೆ ಮ್ಯಾಪ್ ಆಪ್ ತೆರೆಯುವಂತೆ ಲಿಂಕ್ ಕೊಟ್ಟರೆ ಗೋಕರ್ಣಕ್ಕೆ ದಾರಿ ಹುಡುಕುವವರಿಗೂ ಅದೇ ಅನುಕೂಲ.

ಫೋಟೋ ಎಲ್ಲ ಸಣ್ಣದಾಗಿದ್ದೂ ಪುಟ ತಡವಾದರೆ ಮೊದಲ ಸಾಲನ್ನು ಒತ್ತಿ ‘ಟೈಮಿಂಗ್’ ನೋಡಿ. ಥ್ರಾಟ್ಲಿಂಗ್ ಇಲ್ಲದೆಯೂ ಸರ್ವರ್ ಉತ್ತರಕ್ಕೆ ಕಾಯುವ ಪಟ್ಟಿ ಉದ್ದವಿದ್ದರೆ ತಪ್ಪು ಹಳ್ಳಿಯ ಟವರಿನದ್ದಲ್ಲ, ಹೋಸ್ಟಿಂಗ್‌ನದ್ದು.

ಥ್ರಾಟ್ಲಿಂಗ್‌ಗೆ ಒಂದು ಮಿತಿಯಿದೆ. ಅದು ನಿಧಾನವನ್ನು ತೋರಿಸುತ್ತದೆಯೇ ಹೊರತು ನಡುವೆ ತುಂಡಾಗುವ ಸಿಗ್ನಲ್ಲನ್ನಲ್ಲ. ‘ಆಫ್‌ಲೈನ್’ ಆಯ್ಕೆಯಲ್ಲಿ ಕೋರಿಕೆ ತಕ್ಷಣ ಸೋಲುತ್ತದೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಹಾಗಾಗುವುದಿಲ್ಲ, ಕೋರಿಕೆ ಸೋಲದೆ, ಗೆಲ್ಲದೆ ನೇತಾಡುತ್ತದೆ. ಅತಿಥಿ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಾರೆ, ಒಂದೇ ಕೊಠಡಿಗೆ ಎರಡು ಬುಕಿಂಗ್ ಬೀಳುತ್ತದೆ. ಇದನ್ನು ಪರೀಕ್ಷಿಸಲು ಕ್ರೋಮ್ ಡೆವ್‌ಟೂಲ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಥ್ರಾಟ್ಲಿಂಗ್ ವಿಭಾಗಕ್ಕೆ ಹೋಗಿ ನಿಮ್ಮದೇ ಪ್ರೊಫೈಲ್ ಮಾಡಿಕೊಳ್ಳಿ: ಡೌನ್‌ಲೋಡ್, ಅಪ್‌ಲೋಡ್ ಎರಡೂ 20 ಕಿಲೋಬಿಟ್, ತಡ 8000 ಮಿಲಿಸೆಕೆಂಡ್. ಮೊದಲು ಪುಟವನ್ನು ಮಾಮೂಲಿ ವೇಗದಲ್ಲಿ ತೆರೆದು, ಫಾರ್ಮ್ ತುಂಬಿ, ಆಮೇಲೆ ಈ ಪ್ರೊಫೈಲ್ ಹಾಕಿ ಬಟನ್ ಎರಡು ಸಲ ಒತ್ತಿ. ನೆಟ್‌ವರ್ಕ್ ಪಟ್ಟಿಯಲ್ಲಿ ಎರಡು ಸಾಲು ಕಂಡರೆ ಕೋಡ್ ತಿದ್ದಬೇಕು. ಒತ್ತಿದ ಕೂಡಲೇ ಬಟನ್ ನಿಷ್ಕ್ರಿಯವಾಗಬೇಕು, ಒಂದೇ ಬುಕಿಂಗ್‌ನ ಎರಡನೇ ಕೋರಿಕೆಯನ್ನು ಸರ್ವರ್ ಗುರುತಿಸಿ ಬಿಡಬೇಕು. ಫಾರ್ಮ್ ಹೋದ ಮೇಲೆ ಪುಟ ಬದಲಾಗಿ ದಾಖಲೆ ಅಳಿಸಿಹೋಗುತ್ತದೆ, ಅದಕ್ಕೆ ಮೊದಲೇ ‘ಪ್ರಿಸರ್ವ್ ಲಾಗ್’ ಗುರುತು ಹಾಕಿಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ಇದರ ಹೆಸರು ‘ಪರ್ಸಿಸ್ಟ್ ಲಾಗ್ಸ್’.

ಫೋನಿನ ಪ್ರೊಸೆಸರ್ ನಿಧಾನವಿರುವುದನ್ನು ಅನುಕರಿಸಲು ಕ್ರೋಮ್‌ನ ಪರ್ಫಾರ್ಮೆನ್ಸ್ ಪ್ಯಾನೆಲಿನಲ್ಲಿ ಸಿಪಿಯು 4 ಪಟ್ಟು, 6 ಪಟ್ಟು ನಿಧಾನ ಎಂಬ ಆಯ್ಕೆಗಳಿವೆ. ಪುಟವನ್ನು ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ವರದಿ ಕ್ರೋಮ್, ಎಡ್ಜ್ ಎರಡರಲ್ಲೂ ಒಳಗೇ ಬರುತ್ತದೆ. ಅದನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಓಡಿಸಿ, ಇಲ್ಲದಿದ್ದರೆ ನಿಮ್ಮ ಎಕ್ಸ್‌ಟೆನ್ಶನ್‌ಗಳ ಭಾರವೂ ಪುಟದ ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಅಂಕ ಪ್ರತಿ ಸಲ ಏರಿಳಿಯುತ್ತದೆ, ಅದರ ಹಿಂದೆ ಬೀಳಬೇಡಿ. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಈ ಎರಡನ್ನು ಹಿಡಿದುಕೊಳ್ಳಿ.

ಮೂರನೆಯದು ಕನ್ನಡ ಅಕ್ಷರ. ಇಂಗ್ಲಿಷ್ ಪುಟ ಮಾಡುವವರು ಹೆಚ್ಚಾಗಿ ತೆರೆದೇ ನೋಡದ ಒಂದು ಮೂಲೆ ನಮಗೆ ಅತ್ಯಂತ ಮುಖ್ಯ. ಕ್ರೋಮ್‌ನಲ್ಲಿ ಕನ್ನಡ ಪಠ್ಯ ನೇರವಾಗಿ ಇರುವ ಎಲಿಮೆಂಟ್ ಆರಿಸಿ, ಪಕ್ಕದ ‘ಕಂಪ್ಯೂಟೆಡ್’ ಟ್ಯಾಬ್‌ನ ಕಟ್ಟಕಡೆಗೆ ಇಳಿಯಿರಿ. ಅಲ್ಲಿ ‘ರೆಂಡರ್ಡ್ ಫಾಂಟ್ಸ್’ ಎಂದಿದೆ. ಸಿಎಸ್‌ಎಸ್‌ನಲ್ಲಿ ನೀವು ಕೇಳಿದ ಫಾಂಟ್ ಮೇಲೆ ಇರುತ್ತದೆ, ನಿಜವಾಗಿ ಬಳಕೆಯಾದ ಫಾಂಟ್ ಇಲ್ಲಿ ಇರುತ್ತದೆ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಥೀಮ್‌ಗಳಲ್ಲಿ ಬಹಳ ಓಡಾಡುವ ಪಾಪಿನ್ಸ್ ಫಾಂಟ್ ತೆಗೆದುಕೊಳ್ಳಿ. ಅದರಲ್ಲಿ ಲ್ಯಾಟಿನ್ ಇದೆ, ದೇವನಾಗರಿ ಇದೆ, ಕನ್ನಡ ಇಲ್ಲ. ಹಾಗಾಗಿ ಕನ್ನಡದ ಭಾಗ ವಿಂಡೋಸ್‌ನಲ್ಲಿ ನಿರ್ಮಲಾ ಯುಐಗೆ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡಕ್ಕೆ, ಐಫೋನ್‌ನಲ್ಲಿ ಆಪಲ್ ಕೊಟ್ಟ ಕನ್ನಡ ಫಾಂಟಿಗೆ ಜಾರುತ್ತದೆ. ನೀವು ಕಂಡ ‘ಒಂದೊಂದು ಫೋನಿನಲ್ಲಿ ಒಂದೊಂದು ಥರ’ ಇದೇ. ಪಟ್ಟಿಯಲ್ಲಿ ಫಾಂಟಿನ ಮುಂದೆ ‘ಲೋಕಲ್ ಫೈಲ್’ ಎಂದಿದ್ದರೆ ಅದು ಯಂತ್ರದ್ದು, ‘ನೆಟ್‌ವರ್ಕ್ ರಿಸೋರ್ಸ್’ ಎಂದಿದ್ದರೆ ನೀವು ಕಳಿಸಿದ್ದು. ಗ್ಲಿಫ್ (ಫಾಂಟಿನೊಳಗಿನ ಅಕ್ಷರರೂಪ) ಸಂಖ್ಯೆ ನಿಮ್ಮ ಅಕ್ಷರದ ಎಣಿಕೆಗೆ ಹೊಂದದಿದ್ದರೆ ಗಾಬರಿ ಬೇಡ, ಒತ್ತಕ್ಷರ, ಗುಣಿತಗಳು ಸೇರಿ ಲೆಕ್ಕ ಬೇರೆಯಾಗುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಇದಕ್ಕೆಂದೇ ‘ಫಾಂಟ್ಸ್’ ಟ್ಯಾಬ್ ಇದೆ, ನನ್ನ ಪ್ರಕಾರ ಇದು ಕ್ರೋಮ್‌ಗಿಂತ ಒಂದು ಕೈ ಮೇಲು. ಫಾಂಟಿನ ಹೆಸರಿನ ಮೇಲೆ ಮೌಸ್ ಇಟ್ಟರೆ ಆ ಫಾಂಟ್ ಬಳಸಿದ ಪಠ್ಯ ಪುಟದಲ್ಲಿ ಎದ್ದು ಕಾಣುತ್ತದೆ. ಕನ್ನಡ-ಇಂಗ್ಲಿಷ್ ಬೆರೆತ ಸಾಲಿನಲ್ಲಿ ಎಲ್ಲಿ ಫಾಂಟ್ ಬದಲಾಯಿತು ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಗಾತ್ರ, ಸಾಲಿನ ಎತ್ತರ, ದಪ್ಪವನ್ನು ಅಲ್ಲೇ ಎಳೆದು ನೋಡಬಹುದು. ಪರಿಹಾರ ಸರಳ: ಫಾಂಟ್ ಪಟ್ಟಿಯಲ್ಲಿ ಲ್ಯಾಟಿನ್ ಫಾಂಟಿನ ನಂತರ ಒಂದು ಕನ್ನಡ ವೆಬ್‌ಫಾಂಟ್ ಹೆಸರಿಸಿ, ‘ಫಾಂಟ್-ಡಿಸ್‌ಪ್ಲೇ ಸ್ವಾಪ್’ ಕೊಡಿ. ಸ್ವಾಪ್ ಇಲ್ಲದಿದ್ದರೆ ಫಾಂಟ್ ಇಳಿಯುವವರೆಗೆ, ಸುಮಾರು 3 ಸೆಕೆಂಡ್, ಅಕ್ಷರದ ಜಾಗ ಖಾಲಿ ಇರುತ್ತದೆ.

ಒತ್ತಕ್ಷರದ ಬುಡ ಕತ್ತರಿಸಿಹೋಗುವುದು ಇನ್ನೊಂದು ಸಾಮಾನ್ಯ ದೂರು. ‘ಯಲ್ಲಾಪುರ’, ‘ಹೊನ್ನಾವರ’ ಎಂಬ ಶೀರ್ಷಿಕೆಗಳಲ್ಲಿ ಒತ್ತು ಅರ್ಧವೇ ಕಾಣುತ್ತದೆ, ‘ರಾಷ್ಟ್ರೀಯ ಹೆದ್ದಾರಿ 66’ ಎಂದು ಬರೆದರೆ ಎರಡೆರಡು ಒತ್ತು ಇರುವ ಷ್ಟ್ರೀ ಇನ್ನೂ ಕೆಡುತ್ತದೆ. ಇಂಗ್ಲಿಷಿಗೆಂದು ಮಾಡಿದ ಥೀಮ್ ಸಾಲಿನ ಎತ್ತರವನ್ನು 1.2ಕ್ಕೆ ಇಳಿಸಿ, ಹೊರಪೆಟ್ಟಿಗೆಗೆ ‘ಓವರ್‌ಫ್ಲೋ ಹಿಡನ್’ ಕೊಟ್ಟಿರುತ್ತದೆ. ಕತ್ತರಿಸುವುದು ಸಾಲಿನ ಎತ್ತರವಲ್ಲ, ಆ ಹಿಡನ್. ಸ್ಟೈಲ್ಸ್‌ನಲ್ಲಿ ಅದರ ಗುರುತು ತೆಗೆದು ನೋಡಿ, ಒತ್ತು ಮರಳಿ ಬಂದರೆ ರೋಗ ಅದೇ. ಹಿಡನ್ ಬೇಕೇ ಬೇಕಾದರೆ ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ.

ಪುಟ ಅಡ್ಡಡ್ಡ ಜಾರುತ್ತದೆಯೇ? ಫೈರ್‌ಫಾಕ್ಸ್ ತೆರೆಯಿರಿ. ಜಾರುವ ಎಲಿಮೆಂಟಿನ ಪಕ್ಕ ‘ಸ್ಕ್ರೋಲ್’ ಎಂಬ ಸಣ್ಣ ಗುರುತು ಇರುತ್ತದೆ, ಒತ್ತಿದರೆ ಅದನ್ನು ಜಾರಿಸುತ್ತಿರುವ ಒಳಗಿನ ಎಲಿಮೆಂಟುಗಳಿಗೆ ‘ಓವರ್‌ಫ್ಲೋ’ ಗುರುತು ಬೀಳುತ್ತದೆ. ‘ಕಾಯ್ದಿರಿಸಲಾಗುವುದಿಲ್ಲ’ದಂಥ ಉದ್ದ ಪದ ಗ್ರಿಡ್ ಅಥವಾ ಫ್ಲೆಕ್ಸ್ ಒಳಗೆ ಸಿಕ್ಕಿ ಪೆಟ್ಟಿಗೆಯನ್ನು ಹಿಗ್ಗಿಸಿರುವುದು ಆಗ ಗೊತ್ತಾಗುತ್ತದೆ. ಆ ಪೆಟ್ಟಿಗೆಗೆ ‘ಮಿನ್-ವಿಡ್ತ್ 0’, ಪಠ್ಯಕ್ಕೆ ‘ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್’ ಕೊಟ್ಟರೆ ಸರಿಹೋಗುತ್ತದೆ. ಬರೆದ ಸಿಎಸ್‌ಎಸ್ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವಾಗಲೂ ಫೈರ್‌ಫಾಕ್ಸ್ ಕೈಹಿಡಿಯುತ್ತದೆ: ಪರಿಣಾಮವಿಲ್ಲದ ಸಾಲನ್ನು ಮಂಕಾಗಿಸಿ, ಪಕ್ಕದ ಗುರುತಿನಲ್ಲಿ ಕಾರಣವನ್ನೂ ಹೇಳುತ್ತದೆ. 2019ರಿಂದ ಅಲ್ಲಿ ಈ ಸೌಲಭ್ಯವಿದೆ. ಕ್ರೋಮ್‌ಗೆ ಆಮೇಲೆ ಬಂತು.

ಇನ್ನು ಮ್ಯಾಕ್ ಇಲ್ಲದೆ ಸಫಾರಿ. ನಮ್ಮಲ್ಲಿ ಬಳಸುವ ಐಫೋನ್‌ಗಳಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ವೆಬ್‌ಕಿಟ್ಟೇ, ಹಾಗಾಗಿ ‘ಕ್ರೋಮ್‌ನಲ್ಲಿ ತೆರೆಯಿರಿ’ ಎಂದು ಅತಿಥಿಗೆ ಹೇಳಿ ಪ್ರಯೋಜನವಿಲ್ಲ. ವಿಂಡೋಸ್‌ಗೆ ಬರುತ್ತಿದ್ದ ಸಫಾರಿ 2012ಕ್ಕೇ ನಿಂತಿತು, ಎಲ್ಲೋ ಸಿಕ್ಕಿತೆಂದು ಆ 5.1.7 ಹಾಕಿಕೊಳ್ಳಬೇಡಿ. ಬದಲಿಗೆ ಪ್ಲೇರೈಟ್ ಎಂಬ ಪರೀಕ್ಷಾ ಸಲಕರಣೆಯ ಜೊತೆ ವಿಂಡೋಸ್‌ನಲ್ಲೂ ಓಡುವ ವೆಬ್‌ಕಿಟ್ ಸಿಗುತ್ತದೆ. ಲಿನಕ್ಸ್ ಇದ್ದರೆ ಗ್ನೋಮ್ ವೆಬ್ ಬ್ರೌಸರ್ ಕೂಡ ವೆಬ್‌ಕಿಟ್ಟೇ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ದೋಷಗಳನ್ನು ಇವು ಹಿಡಿಯುತ್ತವೆ. ಐಫೋನಿನ ವಿಳಾಸಪಟ್ಟಿ, ಕೀಬೋರ್ಡ್, ಕನ್ನಡ ಫಾಂಟ್ ಇವುಗಳಲ್ಲಿ ಇಲ್ಲ.

ಅದಕ್ಕೆ ಪರಿಚಯದವರ ಮ್ಯಾಕ್ ಮತ್ತು ಐಫೋನ್ ಅರ್ಧ ಗಂಟೆ ಕೇಳಿಕೊಳ್ಳುವುದೇ ದಾರಿ. ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಸಫಾರಿ, ಅದರೊಳಗೆ ಅಡ್ವಾನ್ಸ್ಡ್, ಅಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ. ಐಒಎಸ್ 18ರಿಂದ ಸಫಾರಿ ‘ಆ್ಯಪ್ಸ್’ ಒಳಗೆ ಸೇರಿದೆ. ಮ್ಯಾಕ್‌ನ ಸಫಾರಿಯ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ವೆಬ್ ಡೆವಲಪರ್ ಸೌಲಭ್ಯ ತೋರಿಸುವ ಗುರುತು ಹಾಕಿದರೆ ಮೇಲೆ ‘ಡೆವಲಪ್’ ಮೆನು ಬರುತ್ತದೆ. ಕೇಬಲ್ ಹಾಕಿ, ಫೋನಿನಲ್ಲಿ ‘ಟ್ರಸ್ಟ್’ ಒತ್ತಿ, ಆ ಮೆನುವಿನಲ್ಲಿ ಫೋನಿನ ಹೆಸರು, ಅದರೊಳಗೆ ನಿಮ್ಮ ಪುಟ ಆರಿಸಿ. ಬುಕಿಂಗ್ ಫಾರ್ಮ್‌ನಲ್ಲಿ ಎರಡು ಸಂಗತಿ ತಪ್ಪದೆ ನೋಡಿ. ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಒತ್ತಿದ ಕೂಡಲೇ ಐಫೋನ್ ಪುಟವನ್ನೇ ಹಿಗ್ಗಿಸುತ್ತದೆ, ಬಟನ್ ಪಕ್ಕಕ್ಕೆ ಸರಿದುಹೋಗುತ್ತದೆ. ದಿನಾಂಕ ಮತ್ತು ವೇಳೆಯ ನಡುವೆ ಬರೀ ಖಾಲಿ ಜಾಗ ಬಿಟ್ಟ ಪಠ್ಯವನ್ನು ಹಳೆಯ ಸಫಾರಿ ಆವೃತ್ತಿಗಳು ದಿನಾಂಕವೆಂದೇ ಒಪ್ಪುವುದಿಲ್ಲ, ಕ್ರೋಮ್ ಒಪ್ಪುತ್ತದೆ. ನಡುವೆ ಇಂಗ್ಲಿಷಿನ ದೊಡ್ಡ ‘ಟಿ’ ಅಕ್ಷರ ಹಾಕಿದರೆ ಎರಡಕ್ಕೂ ಸರಿ.

ಮ್ಯಾಕ್ ಸಿಗುವ ಮೊದಲೇ ಗೋಕರ್ಣದವರಿಗೆ ಫೋನ್ ಮಾಡಿ, ದೂರು ಹೇಳಿದ ಅತಿಥಿಯಿಂದ ಮೂರು ವಿಷಯ ತರಿಸಿಕೊಳ್ಳಿ: ಐಒಎಸ್ ಆವೃತ್ತಿಯ ಸಂಖ್ಯೆ, ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆಯೇ ಎಂಬುದು, ಮತ್ತು ವಿಳಾಸಪಟ್ಟಿಯೂ ಸೇರಿ ಪೂರ್ತಿ ಪರದೆ ಕಾಣುವ ಸ್ಕ್ರೀನ್‌ಶಾಟ್. ಪುಟದ ಭಾಗವನ್ನಷ್ಟೇ ಕತ್ತರಿಸಿ ಕಳಿಸಿದರೆ ಬಟನ್ ಪಟ್ಟಿಯ ಹಿಂದೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಆವೃತ್ತಿ 15.4ಕ್ಕಿಂತ ಹಿಂದಿನದಾದರೆ ಎಸ್‌ವಿಎಚ್ ಅಲ್ಲಿ ನಡೆಯುವುದಿಲ್ಲ. ಆಗ ತಳದ ಬಟನ್ನನ್ನು ಎತ್ತರದ ಲೆಕ್ಕದಿಂದಲೇ ಬಿಡಿಸಿ, ಕೊಠಡಿಯ ಬೆಲೆಯ ಕೆಳಗೆ, ಪುಟದ ಮಾಮೂಲಿ ಹರಿವಿನಲ್ಲಿ ಇನ್ನೊಂದು ಬಟನ್ ಇಡಿ.